ಸೊಸೆಯ ಹೆಸರು, ಅತ್ತೆಯ ನಾಡಿ

ಅವ್ವನ ಎದೆಬಡಿತ ಇಳಿಯುತ್ತಿದ್ದದ್ದು ಸೊಸೆಯೊಬ್ಬಳೇ ಹತ್ತಿರ ಇದ್ದಾಗ. ನಾವು ಮನೆಗೆ ಬಂದೆವೋ, ಮತ್ತೆ ಸರಿ. ಈ ಎರಡು ಮಾತನ್ನು ಯಾರ ಮುಂದಾದರೂ ಇಟ್ಟು ನೋಡಿ, ಮೂರನೆಯದನ್ನು ಕೇಳುವ ತಾಳ್ಮೆ ಅವರಿಗಿರುವುದಿಲ್ಲ. ನನಗೂ ಇರಲಿಲ್ಲ. ನನ್ನದು ಮೊದಲೇ ಸಂಶಯದ ಪ್ರಾಣ. ಹಾಲು ಹಾಕುವವಳು ನಗುತ್ತ ಬಂದರೆ ಇವತ್ತು ನೀರು ಹೆಚ್ಚು ಬೆರೆಸಿದ್ದಾಳೆ ಎಂದುಕೊಳ್ಳುವವಳು ನಾನು.

ಗದಗ-ಬೆಟಗೇರಿ ಅವಳಿ ಊರಿನಲ್ಲಿ ಬೀಸಣಿಗಿ ಎಂಬ ಅಡ್ಡಹೆಸರಿನ ಮನೆ ನಮ್ಮದೊಂದೇ. ಅವ್ವ ಗುರುಸಿದ್ಧವ್ವ, ನಾನು ಕಸ್ತೂರಿ, ನನ್ನ ತಮ್ಮ ಬಸವಂತ. ನಾನು ಮದುವೆಯಾಗಲಿಲ್ಲ, ಆಗಬೇಕು ಅನ್ನಿಸಲೂ ಇಲ್ಲ. ಬಸವಂತ ಕಪ್ಪತಗುಡ್ಡದ ಗಾಳಿಯಂತ್ರಗಳನ್ನು ರಿಪೇರಿ ಮಾಡುತ್ತಾನೆ. ವೈಶಾಖದಲ್ಲಿ ಅವನ ಮದುವೆಯಾಗಿ ಇಂದುಮತಿ ಬಂದಳು. ಅವಳು ಬೆಟಗೇರಿಯ ಉಳ್ಳಾಗಡ್ಡಿಯವರ ಮಗಳು. ಉಳ್ಳಾಗಡ್ಡಿ ಮನೆತನವೆಂದರೆ ಅರ್ಧ ಬೆಟಗೇರಿಯೇ ಅದು. ಕಲ್ಲು ಎಸೆದರೆ ಒಬ್ಬ ಉಳ್ಳಾಗಡ್ಡಿಯ ತಲೆಗೆ ತಗಲುತ್ತದೆ. ಮದುವೆಗೆ ಮುಂಚೆ ಅವಳು ಔಷಧದ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಈ ಸಂಗತಿ ಮುಂದೆ ಅವಳ ಕುತ್ತಿಗೆಗೆ ಬಂತು.

ಅವ್ವನದು ನಾಡಿಮಣಿಯ ಎದೆ. ನಾಡಿಮಣಿ ಅಂದರೆ ಕೊರಳೆಲುಬಿನ ಕೆಳಗೆ ತೊಗಲಿನೊಳಗೆ ಕೂರಿಸುವ, ಹುಣಸೆಬೀಜದಷ್ಟು ದೊಡ್ಡ ಯಂತ್ರ. ಹಳೆಯ ಕಾಲದ ಯಂತ್ರಗಳಂತೆ ಅದಕ್ಕೆ ಸ್ವಂತ ಬುದ್ಧಿ ಇಲ್ಲ, ಅದಕ್ಕೇ ಅಷ್ಟು ಸಣ್ಣದು. ಸ್ವಲ್ಪ ಹೊತ್ತಿಗೊಮ್ಮೆ ಅದು ಊರಿನ ನಾಡಿ ಕೇಂದ್ರವನ್ನು ಕೇಳುತ್ತದೆ: ಈಗ ಎಷ್ಟು ಬಡಿಯಲಿ? ಕೇಂದ್ರದ ಯಂತ್ರ ಆ ಮನುಷ್ಯನ ಹಿಂದಿನ ದಾಖಲೆಗಳನ್ನೆಲ್ಲ ನೋಡಿ, ಮೆಟ್ಟಿಲು ಹತ್ತುತ್ತಿದ್ದಾನೋ, ಮಲಗಿದ್ದಾನೋ, ಸಿಟ್ಟಿಗೆದ್ದಿದ್ದಾನೋ ಅಂದಾಜು ಮಾಡಿ ಉತ್ತರ ಕಳಿಸುತ್ತದೆ. ಉತ್ತರ ಬಾರದಿದ್ದರೆ ಮಣಿಗೆ ಗೊತ್ತಿರುವುದು ಒಂದೇ ಲೆಕ್ಕ: ಕೂಡಲೇ ಸಾಯದ ಹಾಗೆ ನೋಡಿಕೊಳ್ಳುವಷ್ಟು ನಿಧಾನದ ಬಡಿತ. ಆಗ ಕೈಕಾಲು ತಣ್ಣಗಾಗುತ್ತವೆ, ಕಣ್ಣು ಮಂಜಾಗುತ್ತದೆ, ಎದ್ದು ನಿಂತರೆ ಬೀಳುತ್ತಾರೆ.

ಆ ನಾಡಿ ಕೇಂದ್ರದಲ್ಲೇ ನನ್ನ ನೌಕರಿ. ಗೋಡೆಯ ತುಂಬ ಹಬ್ಬಿದ ಪರದೆಯಲ್ಲಿ ಊರಿನ ಮಣಿಗಳೆಲ್ಲ ಹಸಿರು ಚುಕ್ಕೆಗಳಾಗಿ ಮಿನುಗುತ್ತವೆ, ಕೆಂಪಾದರೆ ನಾವು ಓಡಬೇಕು. ಅವ್ವ ಸಪ್ಪಗೆ ಗೋಡೆಗೊರಗಿ ಕುಳಿತ ದಿನಗಳಲ್ಲೂ ಗೋಡೆಯ ಮೇಲೆ ಒಂದು ಕೆಂಪು ಚುಕ್ಕೆ ಕಂಡದ್ದಿಲ್ಲ. ದೋಷ ಬರೆದಿಡುವ ಫೈಲು ತೆಗೆದು ನೋಡಿದೆ, ಒಂದು ಸಾಲಿಲ್ಲ. ಡಾಕ್ಟರು ಮಣಿಯನ್ನೇ ಬದಲಿಸಿದರು. ಹೊಸ ಮಣಿಯೂ ಹಗಲು ಕುಗ್ಗಿತು, ಸಂಜೆ ಎದ್ದಿತು.

ಹಗಲು ಮನೆಯಲ್ಲಿ ಯಾರು? ಅವ್ವ ಮತ್ತು ಇಂದುಮತಿ. ರವಿವಾರ ನಾವೆಲ್ಲ ಮನೆಯಲ್ಲಿ. ಆವತ್ತು ಅವ್ವ ಗುಂಡುಕಲ್ಲು.

"ಕಾಲ್ಗುಣ ಅಂದ್ರ ಇದ ನೋಡವಾ" ಎಂದಳು ಅವ್ವ ಒಂದು ಸಂಜೆ, ಇಂದುಮತಿ ನೀರು ತರಲು ಹೋದಾಗ. "ಅಕಿ ಈ ಮನಿ ಹೊಸ್ತಿಲಾ ದಾಟಿದ ದಿನಾನ ನನಗ ಮೊದಲ ಚಕ್ಕರ್ ಬಂತು."

"ಸುಮ್ಮನಿರಬೇ. ಯಾವ ಕಾಲದಾಗ ಅದೀ?" ಎಂದೆ. ಆದರೆ ಕಾಲ್ಗುಣವನ್ನು ನಂಬದ ನನ್ನ ತಲೆಯಲ್ಲಿ ಅದಕ್ಕಿಂತ ಕೆಟ್ಟದ್ದೊಂದು ಓಡುತ್ತಿತ್ತು. ಔಷಧದ ಅಂಗಡಿಯಲ್ಲಿದ್ದವಳಿಗೆ ಯಾವ ಗುಳಿಗೆ ಎದೆಯನ್ನು ಕುಗ್ಗಿಸುತ್ತದೆ ಎಂದು ತಿಳಿಯದೇ?

ಆಷಾಢ ಬಂತು. ಪದ್ಧತಿಯಂತೆ ಹೊಸ ಸೊಸೆ ತವರಿಗೆ ಹೋದಳು. ಅವ್ವ ಅಂಗಳ ಗುಡಿಸಿದಳು, ಜೋಳ ಹಸನು ಮಾಡಿದಳು, ಓಣಿಯ ಹೆಂಗಸರ ಜೊತೆ ಜಗಳವನ್ನೂ ಆಡಿದಳು. ಇಡೀ ತಿಂಗಳು ಒಂದು ಚಕ್ಕರ್ ಇಲ್ಲ, ಒಂದು ನಿಟ್ಟುಸಿರಿಲ್ಲ. ಶ್ರಾವಣದಲ್ಲಿ ಇಂದುಮತಿ ಮರಳಿ ಬಂದಳು. ಬಂದ ಮೂರನೆಯ ದಿನ ಹಗಲು ಅವ್ವ ಅಡುಗೆಮನೆಯ ಬಾಗಿಲಲ್ಲಿ ಕುಸಿದಳು.

ಡಾಕ್ಟರು ನನ್ನನ್ನೂ ಬಸವಂತನನ್ನೂ ಹೊರಗೆ ಕರೆದರು. "ಹಿಂಗ ದಿನಾ ಇಳಿಯೂದು ಏರೂದು ಆದ್ರ ಎದಿ ದಣೀತೈತ್ರಿ. ಒಂದಿನ ಸಂಜಿಗೆ ಏಳೂದಿಲ್ಲ" ಎಂದರು. ಮನೆಗೆ ಬರುವಾಗ ಬಸವಂತ ಬಾಗಿಲ ಬಳಿ ನಿಂತು, "ಅಕ್ಕಾ, ನೀ ಏನಂತಿ?" ಎಂದ. ಏನು ಕೇಳುತ್ತಿದ್ದಾನೆಂದು ನನಗೆ ಗೊತ್ತಿತ್ತು. ಕಟ್ಟಿಕೊಂಡ ಹೆಂಡತಿಯ ಬಗ್ಗೆ ಅಕ್ಕನನ್ನು ಕೇಳುವ ಗಂಡಸಿನ ಮೇಲೆ ಸಿಟ್ಟು ಬಂತು. ಚಪ್ಪಲಿ ಬಿಟ್ಟು ಒಳಗೆ ಹೋದೆ.

ಕೇಂದ್ರದಲ್ಲಿ ನಾನು ಬೇರೆ ದಾರಿ ಹಿಡಿದೆ. ಗುಳಿಗೆಯಲ್ಲದಿದ್ದರೆ, ಯಾರಾದರೂ ಒಳಗಿನಿಂದ ಅವ್ವನ ದಾಖಲೆಗೆ ಕೈಹಾಕುತ್ತಿರಬೇಕು. ಯಾರು? ಎದುರು ಮೇಜಿನ ಜಾಲಿಹಾಳ ವಿರೂಪಾಕ್ಷನ ಮೇಲೆ ಕಣ್ಣಿಟ್ಟೆ. ಬಸವಂತನಿಗೆ ತನ್ನ ತಂಗಿಯನ್ನು ತಂದುಕೊಳ್ಳಿ ಎಂದು ಅವನು ಕೇಳಿದ್ದ, ನಾವು ಒಪ್ಪಿರಲಿಲ್ಲ. ಒಂದು ವಾರ ಅವನ ಬೆನ್ನ ಹಿಂದೆ ಸುಳಿದಾಡಿದೆ. ಪಾಪದವನು, "ಕಸ್ತೂರಕ್ಕಾ, ನನ್ನ ಕುರ್ಚಿ ಬೇಕಿತ್ತೇನ್ರಿ? ಕಿಡಕಿ ಗಾಳಿ ಬರ್ತೈತಿ, ತಗೋರಿ" ಎಂದು ಎದ್ದೇ ನಿಂತ. ಅವನ ಯಂತ್ರದಿಂದ ಅವ್ವನ ದಾಖಲೆಯನ್ನು ಯಾರೂ ಮುಟ್ಟಿರಲಿಲ್ಲ. ಅವನದಷ್ಟೇ ಅಲ್ಲ, ಯಾರ ಯಂತ್ರದಿಂದಲೂ ಮುಟ್ಟಿರಲಿಲ್ಲ.

ಹಾಗಾದರೆ ಮನೆಯಲ್ಲೇ ಹಿಡಿಯಬೇಕು ಎಂದು ಒಂದು ಬುಧವಾರ ರಜೆ ಹಾಕಿ ಕುಳಿತೆ. ಕಾರಣ ಹೇಳಲಿಲ್ಲ. ಇಂದುಮತಿ ಎಲ್ಲಿ ಹೋದರೆ ಅಲ್ಲಿ ನಾನು. ಒಲೆ ಹತ್ತಿಸಿದರೆ ಒಲೆಯ ಮುಂದೆ, ಬಚ್ಚಲಿಗೆ ನೀರು ಹಾಕಿದರೆ ಬಚ್ಚಲ ಬಾಗಿಲಲ್ಲಿ. ಅವ್ವನಿಗೆ ಅನ್ನ ಬಡಿಸಿದವಳೂ ನಾನು, ನೀರು ಕೊಟ್ಟವಳೂ ನಾನು. ಮೊರದ ತುಂಬ ಅಕ್ಕಿ ಹಾಕಿ ಇಂದುಮತಿಯನ್ನು ನನ್ನೆದುರಿಗೆ ಕಲ್ಲು ಆರಿಸಲು ಕೂರಿಸಿದೆ. ಎರಡೂ ಕೈ ಕಣ್ಣಿಗೆ ಕಾಣುವಂತಿರಲಿ ಎಂದು.

ಅವಳು ತಲೆ ಎತ್ತದೆ, "ಅಕ್ಕಾ, ನನ್ನ ಕಾಯಾಕ ಕುಂತೀರೇನ್ರಿ?" ಎಂದಳು.

"ಹೌದು" ಎಂದೆ. ನನಗೆ ಸುಳ್ಳು ಬರುವುದಿಲ್ಲ.

"ಕಾಯ್ರಿ. ಛಲೋನ ಆತು. ನೀವರ ನೋಡಿದ್ರಿ ಅಂದ್ರ ನನಗೂ ಸಮಾಧಾನ. ನನಗ ಈಗ ನನ್ನ ಮ್ಯಾಲೇ ಸಂಶಯ ಬರಾಕತ್ತೈತ್ರಿ. ನಿದ್ದಿಗಣ್ಣಾಗ ನಾನ ಏನರ ಮಾಡತೀನೇನೋ ಅಂತ."

ಆ ಮಾತು ಮುಗಿಯುವಷ್ಟರಲ್ಲಿ ಪಡಸಾಲೆಯಲ್ಲಿ ಅವ್ವ ನರಳಿದಳು. ಓಡಿದೆ. ಅಂಗೈ ಮಂಜುಗಡ್ಡೆಯಾಗಿತ್ತು. ಇಂದುಮತಿ ಅಕ್ಕಿಯ ಕೈಯಲ್ಲೇ ಬಂದು ಕಾಲು ತಿಕ್ಕಲು ಕುಳಿತರೆ ಅವ್ವ ಇದ್ದಬದ್ದ ಶಕ್ತಿಯಲ್ಲಿ ಕಾಲು ಎಳೆದುಕೊಂಡಳು. "ಮುಟ್ಟಬ್ಯಾಡ. ಕೈ ಮುಗೀತೀನಿ, ನಿಮ್ಮ ಮನಿಗೆ ಹೋಗವಾ" ಎಂದಳು. ಅತ್ತೆ ಸೊಸೆಗೆ ಕೈ ಮುಗಿದದ್ದನ್ನು ನಾನು ಅವತ್ತೇ ಕಂಡದ್ದು. ಇಂದುಮತಿ ಅಳಲಿಲ್ಲ. ಸೀರೆ ಬದಲಿಸಿ, ಮೊರದ ಅಕ್ಕಿಯನ್ನು ಡಬ್ಬಿಗೆ ಸುರಿದು, ಬೆಟಗೇರಿಗೆ ಹೊರಟುಹೋದಳು. ನನ್ನ ಕಣ್ಣೆದುರಿಗೇ ಅವಳ ಕೈಗಳೆರಡೂ ಅಕ್ಕಿಯಲ್ಲಿದ್ದವು ಎಂದು ಬಸವಂತನಿಗೆ ಹೇಳಿದೆ. "ಹೋಗ್ಲಿ ಬಿಡಕ್ಕಾ, ಅವ್ವ ಮೊದಲ ಆರಾಮಾಗ್ಲಿ" ಎಂದ.

ಮರುದಿನ ಗುರುವಾರ. ಇಂದುಮತಿ ಬೆಟಗೇರಿಯಲ್ಲಿ. ಅವ್ವ ಹಗಲು ಮತ್ತೆ ಕುಗ್ಗಿದಳು, ಮೊದಲಿಗಿಂತ ಹೆಚ್ಚು. ನಾನು ಗೆದ್ದವಳಂತೆ, "ಈಗೇನಂತಿ? ಅಕಿ ಇಲ್ಲೇ ಇಲ್ಲಲ್ಲ!" ಎಂದೆ.

ಅವ್ವ ಕಣ್ಣು ಮುಚ್ಚಿಕೊಂಡೇ ಹೇಳಿದಳು: "ಅಕಿ ಹ್ವಾದ್ರೇನಾತು? ಅಕಿ ಹೆಸರಿನ ಮುಂದ ನಮ್ಮ ಮನಿತನ ಬಂದು ಕುಂತೈತಲ್ಲ."

ವಾದ ಮಾಡಿ ಗೆಲ್ಲಬಹುದಾದ ಮಾತಲ್ಲ ಅದು. ಶುಕ್ರವಾರ ಸಂಕಟದಲ್ಲೇ ಕೇಂದ್ರಕ್ಕೆ ಹೋದೆ. ಶ್ರಾವಣದ ದೊಡ್ಡ ಮುಹೂರ್ತದ ದಿನ. ದಾರಿಯುದ್ದಕ್ಕೂ ಮದುವೆ ಮಂಟಪಗಳ ವಾಲಗ. ನನ್ನ ಪಕ್ಕದ ಮೇಜಿನ ನೂರಜಹಾನ್ ಕಾಗದಗಾರ ಮುಖ ಊದಿಸಿಕೊಂಡು ಕುಳಿತಿದ್ದಳು. ಏನಾಯಿತೆಂದು ಕೇಳಿದೆ.

"ನಮ್ಮ ಅಜ್ಜಾಗ ಆರಾಮಿಲ್ಲಕ್ಕಾ. ದಿನಾ ಹಗಲ ಹೊತ್ತು ತಣ್ಣಗಾಕ್ಕಾನ. ಸಂಜಿಗೆ ಎದ್ದು ಕುಂತು ಬಿರ್ಯಾನಿ ಕೇಳತಾನ."

ಕುರ್ಚಿಯನ್ನು ಅವಳ ಹತ್ತಿರ ಎಳೆದುಕೊಂಡೆ. "ರವಿವಾರ?"

"ರವಿವಾರ ಒಟ್ಟ ಏನೂ ಇಲ್ಲ."

"ಆಷಾಢದಾಗ?"

"ನಮಗ್ಯಾವ ಆಷಾಢಕ್ಕಾ!" ಎಂದು ನಗಲು ಹೋದವಳು ಯೋಚಿಸಿ ತಡೆದಳು. "ಹೋದ ತಿಂಗಳ ಆರಾಮಿದ್ದ. ಹೌದ. ಪೂರಾ ತಿಂಗಳ ಆರಾಮಿದ್ದ."

"ನಿಮ್ಮ ಮನ್ಯಾಗ ಹೊಸಾ ಸೊಸಿ ಬಂದಾಳೇನು?"

"ಎಲ್ಲಿ ಸೊಸಿ? ನಮ್ಮ ಅಣ್ಣಗ ಹುಡುಗಿ ಹುಡುಕಿ ಹುಡುಕಿ ಸಾಕಾಗೇತಿ."

ಅಯ್ಯೋ ದೇವರೇ ಎಂದುಕೊಂಡೆ. ಕಾಗೆ ಕೂತದ್ದಕ್ಕೂ ಟೊಂಗೆ ಮುರಿದದ್ದಕ್ಕೂ ಗಂಟು ಹಾಕಿ ನಾವು ಒಂದು ಹುಡುಗಿಯನ್ನು ಮನೆಯಿಂದ ಅಟ್ಟಿದ್ದೆವು. ಆದರೆ ಟೊಂಗೆಯನ್ನು ಮುರಿಯುತ್ತಿದ್ದದ್ದು ಯಾವುದು? ಆಷಾಢದಲ್ಲಿ ಊರಿನಲ್ಲಿ ಏನು ನಿಲ್ಲುತ್ತದೆ? ಸೊಸೆಯಂದಿರು ಅತ್ತೆಮನೆಯಲ್ಲಿರುವುದು ನಿಲ್ಲುತ್ತದೆ. ಅದರ ಜೊತೆ ಇನ್ನೊಂದೂ ನಿಲ್ಲುತ್ತದೆ: ಮದುವೆ.

ಈಗ ಸ್ವಲ್ಪ ಯಂತ್ರದ ವಿಚಾರ ಹೇಳಬೇಕು. ಊರಿನ ನಾಡಿಗಳೆಲ್ಲ ಒಂದೇ ದೊಡ್ಡ ಕೋಷ್ಟಕದಲ್ಲಿದ್ದಾಗ ಹುಡುಕುವುದು ನಿಧಾನವಾಗಿತ್ತು. ಆಗ ನಮ್ಮ ಮುಖ್ಯಸ್ಥರಾದ ಮುಶಿಗೇರಿ ಸಾಹೇಬರು ಅದನ್ನು ಅಡ್ಡಹೆಸರಿನ ಪ್ರಕಾರ ತುಂಡು ಮಾಡಿಸಿದರು. "ನಮ್ಮ ಕಡೆ ಅಡ್ಡಹೆಸರು ಹೇಳಿದ್ರ ಕಣ್ಣು ಮುಚ್ಚಿ ಮನಿ ತೋರಸ್ತಾರ. ಎದಿರೋಗನೂ ಮನಿತನದಾಗ ಹರೀತೈತಿ" ಎಂಬುದು ಅವರ ತರ್ಕ. ತಪ್ಪೇನಲ್ಲ. ಮೆಣಸಿನಕಾಯಿಯವರದು ಒಂದು ತುಂಡು, ಬೆಲ್ಲದವರದು ಒಂದು, ಹೂಗಾರರದು ಒಂದು. ದೊಡ್ಡ ಮನೆತನಗಳನ್ನು ಓಣಿವಾರು ಮತ್ತೆ ತುಂಡರಿಸಿದರು. ಎಲ್ಲವನ್ನೂ ತಿಂಗಳಿಗೊಂದರಂತೆ ಇನ್ನೊಮ್ಮೆ. ನಮ್ಮ ಕಡೆ ಅಡ್ಡಹೆಸರುಗಳಿಗೇನು ಬರವೇ? ಕಿರಾಣಿ ಅಂಗಡಿಯಲ್ಲಿರುವ ಸಾಮಾನಿಗೆಲ್ಲ ಒಂದೊಂದು ಮನೆತನವಿದೆ. ಪ್ರತಿ ತುಂಡೂ ಯಂತ್ರದೊಳಗೆ ಒಂದು ಫೈಲು. ಪ್ರತಿ ತಿಂಗಳೂ ಫೈಲುಗಳು ಬೆಳೆಯುತ್ತಲೇ ಹೋದವು.

ಆ ಫೈಲುಗಳನ್ನು ತೆರೆದು ಓದಲು ಯಂತ್ರದ ಆಪರೇಟಿಂಗ್ ಸಿಸ್ಟಂ ಅಪ್ಪಣೆ ಕೊಡಬೇಕು. ಒಂದು ಪ್ರೋಗ್ರಾಂ ಒಂದೇ ಹೊತ್ತಿಗೆ ಇಷ್ಟು ಫೈಲು ಮಾತ್ರ ತೆರೆದಿಟ್ಟುಕೊಳ್ಳಬಹುದು ಎಂದು ಅದು ಮಿತಿ ಹಾಕಿರುತ್ತದೆ. ಪಂಕ್ತಿಯಲ್ಲಿ ಬಡಿಸುವವನ ಕೈಯಲ್ಲಿ ಎಷ್ಟು ಪಾತ್ರೆ ಹಿಡಿದೀತೋ ಅಷ್ಟೇ. ಇನ್ನೊಂದು ಬೇಕೆಂದರೆ ಮೊದಲು ಒಂದನ್ನು ಕೆಳಗಿಡಬೇಕು. ನಮ್ಮ ಪ್ರೋಗ್ರಾಂ ಯಾರೂ ಹೆಚ್ಚು ಕೇಳದ ಸಣ್ಣ ಮನೆತನಗಳ ಫೈಲನ್ನು ಮೊದಲು ಮುಚ್ಚಿ, ಬೇಕಾದಾಗ ಮತ್ತೆ ತೆರೆಯುತ್ತಿತ್ತು. ಮಾಮೂಲಿ ದಿನಗಳಲ್ಲಿ ಇದರಿಂದ ತೊಂದರೆಯಿಲ್ಲ.

ಮದುವೆಯಲ್ಲಿ ತೊಂದರೆ. ಹೆಣ್ಣುಮಗಳು ಗಂಡನ ಅಡ್ಡಹೆಸರು ತೆಗೆದುಕೊಂಡರೆ ಅವಳ ದಾಖಲೆಯನ್ನು ತವರಿನ ತುಂಡಿನಿಂದ ಕಿತ್ತು ಗಂಡನ ಮನೆಯ ತುಂಡಿಗೆ ನೆಡಬೇಕು. ಮಣಿ ಇರಲಿ, ಇಲ್ಲದಿರಲಿ, ಊರಿನವರೆಲ್ಲರ ದಾಖಲೆಯೂ ಅಲ್ಲಿರುತ್ತದೆ. ಅಷ್ಟು ಹೊತ್ತೂ, ತವರಿನವು ಮೊದಲು, ಗಂಡನ ಮನೆಯವು ಆಮೇಲೆ, ಎರಡು ಮನೆತನಗಳ ಎಲ್ಲ ಫೈಲುಗಳನ್ನೂ ಒಟ್ಟಿಗೆ ತೆರೆದು ಹಿಡಿದುಕೊಂಡಿರಬೇಕು. ಬೆಳಿಗ್ಗೆ ಮದುವೆ ನೋಂದಣಿ ಕಚೇರಿ ಬಾಗಿಲು ತೆರೆದ ಕೂಡಲೇ ಆ ಅರ್ಜಿಗಳು ನಮ್ಮ ಯಂತ್ರಕ್ಕೆ ನುಗ್ಗುತ್ತವೆ. ಮುಗಿಯದಿದ್ದವನ್ನು ಸಂಜೆ ಅವರು ವಾಪಸು ಎಳೆದುಕೊಂಡು ಮರುದಿನ ಮತ್ತೆ ಕಳಿಸುತ್ತಾರೆ. ರವಿವಾರ ರಜೆ. ಆಷಾಢದಲ್ಲಿ ಮದುವೆಯೇ ಇಲ್ಲವೆಂದು ಆ ಕಚೇರಿ ತನ್ನ ಮೇಜನ್ನೇ ಮುಚ್ಚಿ ಸಿಬ್ಬಂದಿಯನ್ನು ಬೇರೆ ಕೆಲಸಕ್ಕೆ ಕಳಿಸುತ್ತದೆ.

ನಾನೂ ನೂರಜಹಾನಳೂ ತೆರೆದಿರುವ ಫೈಲುಗಳನ್ನು ಎಣಿಸುವ ಆದೇಶ ಕೊಟ್ಟೆವು. ಸಂಖ್ಯೆ ಮಿತಿಗೆ ಹೋಗಿ ಅಂಟಿಕೊಂಡಿತ್ತು. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಹತ್ತಾರು ಹೊಸ ಮದುಮಕ್ಕಳ ಅರ್ಜಿಗಳು ಸಿಕ್ಕಷ್ಟು ಫೈಲು ಹಿಡಿದುಕೊಂಡು ಉಳಿದದ್ದಕ್ಕೆ ಕಾಯುತ್ತ ನಿಂತಿದ್ದವು. ಯಾವುದೂ ಕೈ ಸಡಿಲಿಸುವಂತಿಲ್ಲ. ಬೀಸಣಿಗಿ, ಕಾಗದಗಾರ, ಇಂಥ ಒಂದೇ ಮನೆಯ ಹೆಸರುಗಳೆಲ್ಲ ಮುಚ್ಚಿದ್ದವು, ತೆರೆಯಲು ಜಾಗವಿಲ್ಲ. ನಮ್ಮವರ ಮಣಿಗಳು ಕೇಳುತ್ತಿವೆ, ಕೇಳುತ್ತಿವೆ, ಉತ್ತರವಿಲ್ಲ.

"ಹಂಗಂದ್ರ ದೋಷದ ಫೈಲಿನ್ಯಾಗ ಯಾಕ ಬರದಿಲ್ಲಕ್ಕಾ?" ಎಂದಳು ನೂರಜಹಾನ್.

"ಬರೀಬೇಕಂದ್ರ ಆ ಫೈಲು ತಗೀಬೇಕಲ್ಲ. ಅದಕ್ಕೂ ಜಾಗ ಇಲ್ಲ" ಎಂದೆ. ಇಬ್ಬರೂ ಗೋಡೆಯ ಹಸಿರು ಚುಕ್ಕೆಗಳನ್ನು ನೋಡಿದೆವು. ಉತ್ತರ ಸಿಕ್ಕವರು ಮಾತ್ರ ಅಲ್ಲಿ ಮಿನುಗುತ್ತಿದ್ದರು. ಸಿಗದವರು ಕೆಂಪಾಗಿರಲಿಲ್ಲ, ಅವರು ಅಲ್ಲಿ ಇರಲೇ ಇಲ್ಲ.

ಎಲ್ಲಕ್ಕಿಂತ ಹೆಚ್ಚು ಫೈಲು ಹಿಡಿದು ನಿಂತ ಅರ್ಜಿ ಯಾವುದೆಂದು ನೋಡಿದೆ. ಇಂದುಮತಿಯದು. ಉಳ್ಳಾಗಡ್ಡಿ ಮನೆತನದ ತುಂಡುಗಳು ಅಷ್ಟು. ಅವೆಲ್ಲ ಒಂದೇ ಹೊತ್ತಿಗೆ ಸಿಗುವುದು ಸಾಧ್ಯವೇ ಇರಲಿಲ್ಲ. ವೈಶಾಖದಿಂದ ಅವಳ ಅರ್ಜಿ ದಿನಾ ಬೆಳಿಗ್ಗೆ ಬಂದು, ಕೈತುಂಬ ಹಿಡಿದು, ಸಂಜೆಯವರೆಗೆ ನಿಂತು, ಬರಿಗೈಯಲ್ಲಿ ಹೋಗುತ್ತಿತ್ತು. ನಮ್ಮ ಮನೆಗೆ ಸೇರಲು ಹೆಣಗುತ್ತಿದ್ದ ಅವಳ ಹೆಸರೇ ನಮ್ಮ ಅವ್ವನ ಉಸಿರಿನ ದಾರಿಯಲ್ಲಿ ನಿಂತಿತ್ತು. ಅವ್ವ ಹೇಳಿದ್ದು ಹೆಚ್ಚುಕಡಿಮೆ ಖರೆಯಾಗಿತ್ತಲ್ಲ ಎಂದು ನನಗೆ ಅವ್ವನ ಮೇಲೂ ಸಿಟ್ಟು, ಯಂತ್ರದ ಮೇಲೂ ಸಿಟ್ಟು.

ಮುಶಿಗೇರಿ ಸಾಹೇಬರ ಕೋಣೆಗೆ ಓಡಿದೆವು. ಅವರು ಕೇಳಿಸಿಕೊಂಡರು, ಕನ್ನಡಕ ಒರೆಸಿದರು, ಬಾಗಿಲು ಹಾಕಲು ಹೇಳಿದರು. ಬಾಗಿಲು ಯಾಕೆ ಹಾಕಬೇಕು? ನನ್ನ ಸಂಶಯ ಅಲ್ಲೇ ಮೂಗು ಎತ್ತಿತು.

"ಮಿತಿ ಏರಸಬೇಕಂದ್ರ ಯಂತ್ರ ನಿಲ್ಲಸಿ ಹಚ್ಚಬೇಕು" ಎಂದರು. "ಅಷ್ಟು ಹೊತ್ತು ಇಡೀ ಊರಿನ ಮಣಿಗೆ ಉತ್ತರ ಇಲ್ಲ. ಇವತ್ತ ಮುಹೂರ್ತ. ಮುದುಕರೆಲ್ಲ ಮಂಟಪದಾಗ ನಿಂತು ಅಕ್ಕಿಕಾಳು ಹಾಕಾಕತ್ತಾರ. ಬಿದ್ರ ಯಾರು ಜವಾಬ್ದಾರಿ?"

"ಹಂಗಾದ್ರ ನೋಂದಣಿ ಕಚೇರಿಗೆ ಫೋನ್ ಮಾಡ್ರಿ. ಇವತ್ತೊಂದಿನ ಮೇಜು ಮುಚ್ಚಲಿ."

"ಅದು ಬ್ಯಾರೆ ಇಲಾಖೆವಾ. ಪತ್ರ ಬರೀಬೇಕು. ಪತ್ರದಾಗ ಕಾರಣ ಬರೀಬೇಕು."

"ಬರೀರಿ!"

ಅವರು ಬರೆಯಲಿಲ್ಲ. ರವಿವಾರ ನೋಡೋಣ ಎಂದರು. ಆಗ ನನಗೆ ತಿಳಿಯಿತು, ಈ ಮನುಷ್ಯನಿಗೆ ಇದು ಹೊಸ ಸುದ್ದಿಯಲ್ಲ. "ನಿಮಗ ಮೊದಲ ಗೊತ್ತಿತ್ತೇನ್ರಿ?" ಎಂದು ಮುಖಕ್ಕೇ ಕೇಳಿದೆ. "ಹಂಗೆಲ್ಲಾ ಮಾತಾಡಬಾರದು ಕಸ್ತೂರಿ" ಎಂದರು. ಇಲ್ಲ ಎನ್ನಲಿಲ್ಲ.

ನಮ್ಮ ಕೈಯಿಂದ ಒಂದು ಅರ್ಜಿಯನ್ನೂ ರದ್ದು ಮಾಡಲು ಬರುವುದಿಲ್ಲ. ಹಿಂದೊಮ್ಮೆ ಯಾರೋ ಅಧಿಕಾರಿ ಹುಡುಗಿಯೊಬ್ಬಳ ತಂದೆಯ ಮಾತು ಕೇಳಿ ಅವಳ ಮದುವೆಯ ದಾಖಲೆಯನ್ನೇ ಅಳಿಸಿದ್ದನಂತೆ. ಆಮೇಲೆ ಕಾನೂನು ಬಂತು: ಅರ್ಜಿ ಕೊಟ್ಟ ಹೆಣ್ಣುಮಗಳೇ ತನ್ನ ಫೋನಿನ ಮೇಲೆ ಹೆಬ್ಬೆಟ್ಟೊತ್ತಿ ಹಿಂತೆಗೆಯಬೇಕು. ಒಳ್ಳೆಯ ಕಾನೂನೇ.

ಬಸವಂತನ ಫೋನು ಬಂತು. ದನಿ ಒಡೆದಿತ್ತು. "ಅಕ್ಕಾ, ಅವ್ವನ ತುಟಿ ನೀಲಿ ಆಗ್ಯಾವು. ಕರದ್ರ ಕಣ್ಣ ತಗೀವಲ್ಲಳು. ಡಾಕ್ಟರ್ ಬರಾಕತ್ತಾರ, ಅವರರ ಏನ್ ಮಾಡತಾರ?"

ಬೆಟಗೇರಿಗೆ ಫೋನು ಹಚ್ಚಿದೆ. ಇಂದುಮತಿ ಎತ್ತಿದಳು. ಒಂದೇ ಉಸಿರಿನಲ್ಲಿ ಎಲ್ಲ ಹೇಳಿದೆ: ಫೈಲು, ಮಿತಿ, ನೂರಜಹಾನಳ ಅಜ್ಜ, ಆಷಾಢ.

"ಅಂದ್ರ ನಾ ಏನೂ ಮಾಡಿಲ್ಲ" ಎಂದಳು ಕೊನೆಗೆ.

"ಏನೂ ಮಾಡಿಲ್ಲ ತಂಗಿ. ನೀ ಏನೂ ಮಾಡಿಲ್ಲ."

"ಈಗ ನಾ ನಿಮ್ಮ ಮನಿ ಹೆಸರು ಬ್ಯಾಡ ಅಂತ ಹೆಬ್ಬಟ್ಟ ಒತ್ತಬೇಕು. ಒತ್ತಿದ ಕೂಡಲೇ ಅತ್ತಿ ಎದ್ದು ಕುಂದರತಾರ. ಹೌದಲ್ರಿ?"

"ಹೌದು."

"ಅಕ್ಕಾ, ಸ್ವಲ್ಪ ವಿಚಾರ ಮಾಡ್ರಿ. ಸೊಸಿ ಹೆಸರು ಬಿಟ್ಲು, ಅತ್ತಿ ಉಳದ್ಲು. ಓಣ್ಯಾಗ ಇನ್ಯಾರ ನಿಮ್ಮ ಫೈಲಿನ ಕಥಿ ಕೇಳತಾರ?"

ಫೋನು ಹಚ್ಚುವಾಗ ಈ ವಿಚಾರ ನನ್ನ ತಲೆಗೆ ಹೊಳೆದೇ ಇರಲಿಲ್ಲ. ಅವಳಿಗೆ ಹೊಳೆಯಿತು, ಯಾಕೆಂದರೆ ಸುಡುತ್ತಿದ್ದದ್ದು ಅವಳ ಕೈ. ಅವ್ವನನ್ನು ಉಳಿಸುವ ದಾರಿ ಇದೊಂದೇ, ಮತ್ತು ಅದೇ ಇಂದುಮತಿಯ ಮೇಲಿನ ಆರೋಪಕ್ಕೆ ಹಾಕುವ ಮುದ್ರೆ. ರವಿವಾರದವರೆಗೆ ಕಾಯೋಣ ಎನ್ನಲು ಅವ್ವನ ಹತ್ತಿರ ರವಿವಾರ ಇರಲಿಲ್ಲ.

"ನೀ ಒತ್ತಬ್ಯಾಡ ಅಂದ್ರ ನಾ ತಪ್ಪು ತಿಳಕೊಳ್ಳೂದಿಲ್ಲ" ಎಂದೆ. ಸುಳ್ಳು ಬರದ ಬಾಯಿಂದ ಬಂದ ದೊಡ್ಡ ಸುಳ್ಳು ಅದು.

"ಸುಮ್ಮನಿರ್ರಿ" ಎಂದಳು. "ನಮ್ಮವ್ವನೂ ಮಣಿ ಹಾಕ್ಕೊಂಡಾಳ. ಉಳ್ಳಾಗಡ್ಡಿ ಮಂದಿ ಭಾಳ ಅದೀವಿ ಅಂತ ಅಕಿಗೆ ಉತ್ತರ ಸಿಕ್ಕಾವು, ನಿಮ್ಮವ್ವಗ ಸಿಕ್ಕಿಲ್ಲ. ಇಷ್ಟ ಅಲ್ಲೇನ್ರಿ ಫರಕು?"

ಫೋನು ಇಟ್ಟಳು. ನಾನೂ ನೂರಜಹಾನಳೂ ಪರದೆಯ ಮೇಲಿನ ಸಂಖ್ಯೆಯನ್ನು ನೋಡುತ್ತ ನಿಂತೆವು. ಅಂಟಿಕೊಂಡಿದ್ದ ಸಂಖ್ಯೆ ಒಮ್ಮೆಲೇ ಕುಸಿಯಿತು. ಮರುಕ್ಷಣ ಗೋಡೆಯಲ್ಲಿ ಅಲ್ಲಿಯವರೆಗೆ ಇಲ್ಲದ ಚುಕ್ಕೆಗಳು ಒಂದೊಂದಾಗಿ ಹತ್ತಿಕೊಂಡವು. ಕಾಗದಗಾರ. ಬೀಸಣಿಗಿ. ನಾನು ಹೆಸರೇ ಕೇಳಿರದ ಇನ್ನೆಷ್ಟೋ. ನೂರಜಹಾನ್ ನನ್ನ ತೋಳು ಹಿಡಿದು ಅತ್ತುಬಿಟ್ಟಳು. ನಾನು ಬಸವಂತನಿಗೆ ಫೋನು ಮಾಡಿದೆ. "ಕಣ್ಣ ತಗದ್ಲಕ್ಕಾ, ನೀರು ಕೇಳಿದ್ಲು" ಎಂದ.

ಸಂಜೆ ಮನೆಗೆ ಹೋದಾಗ ಅವ್ವ ದಿಂಬಿಗೊರಗಿ ಕುಳಿತಿದ್ದಳು. ಓಣಿಯ ಹೆಂಗಸರು ಸುತ್ತಲೂ. ಇಂದುಮತಿ ಹೆಸರು ಬಿಟ್ಟ ಸುದ್ದಿ ಬಸವಂತನ ಫೋನಿಗೆ ನೋಂದಣಿ ಕಚೇರಿಯಿಂದ ಬಂದಿತ್ತು, ಅವನ ಬಾಯಿಂದ ಓಣಿಗೆ ಹೋಗಿತ್ತು. "ನಾ ಹೇಳಿದ್ದಿಲ್ಲೇನು?" ಎಂದಳು ಅವ್ವ. "ಅಕಿ ಹೆಸರು ಹರೀತು, ನನ್ನ ಉಸಿರು ತಿರಗಿತು." ಹೆಂಗಸರೆಲ್ಲ ಹೌದೌದು ಎಂದರು. ನಾನು ಕೂಗಾಡಿದೆ. ಕಾಗದಗಾರರ ಅಜ್ಜನೂ ಅದೇ ಹೊತ್ತಿಗೆ ಎದ್ದ, ಅವರ ಮನೆಯಲ್ಲಿ ಸೊಸೆಯೇ ಇಲ್ಲ ಎಂದೆ. "ಆ ಅಜ್ಜ ಯಾರೋ, ನಮಗೇನು ಗೊತ್ತವಾ" ಎಂದರು. ದೋಷದ ಫೈಲು ತೋರಿಸೋಣವೆಂದರೆ ಅದು ಖಾಲಿ.

ಆ ರವಿವಾರ ಮುಶಿಗೇರಿ ಸಾಹೇಬರು 'ವಾರ್ಷಿಕ ಶುಚಿ ಕಾರ್ಯ' ಎಂದು ಪ್ರಕಟಣೆ ಹೊರಡಿಸಿ, ಮಣಿಯವರೆಲ್ಲ ಸ್ವಲ್ಪ ಹೊತ್ತು ಮಲಗಿರಬೇಕೆಂದು ತಿಳಿಸಿ, ಯಂತ್ರ ನಿಲ್ಲಿಸಿ ಮಿತಿ ಏರಿಸಿದರು. ಪ್ರಕಟಣೆಯಲ್ಲಿ ಮಿತಿಯ ಮಾತಿಲ್ಲ. ಸೋಮವಾರ ನಾನು ಹಠ ಹಿಡಿದು ನಡೆದದ್ದನ್ನೆಲ್ಲ ಬರೆದು ಅವರ ಮೇಜಿನ ಮೇಲಿಟ್ಟೆ. ಅದು ಎಲ್ಲಿ ಹೋಯಿತೋ ಗೊತ್ತಿಲ್ಲ. ಆದರೆ ಒಂದು ಪ್ರಶ್ನೆ ನನ್ನನ್ನು ಕಾಡುವುದು ಬಿಟ್ಟಿಲ್ಲ. ಈ ವರ್ಷದ ಲಗ್ನಗಳ ಕಾಲದಲ್ಲಿ ಊರಿನ ಎಷ್ಟು ಸಣ್ಣ ಮನೆತನಗಳಲ್ಲಿ ಮುದುಕರು ಹಗಲು ತಣ್ಣಗಾದರು, ಸಂಜೆ ಏಳಲಿಲ್ಲ? ಆ ಮನೆಗಳಲ್ಲಿ ಆಗಷ್ಟೇ ಕಾಲಿಟ್ಟಿದ್ದ ಹುಡುಗಿಯರು ಈಗ ಎಲ್ಲಿದ್ದಾರೆ? ಬಸ್ಸಿನಲ್ಲಿ ತಲೆ ತಗ್ಗಿಸಿ ಕುಳಿತ ಹೊಸ ಮದುಮಗಳನ್ನು ಕಂಡರೆ ಕೇಳಬೇಕು ಅನ್ನಿಸುತ್ತದೆ.

ಬಸವಂತನಿಗೆ ನಾನು ಒಂದೇ ಮಾತು ಹೇಳಿದೆ: "ನೀ ಹೋಗಿ ಕರಕೊಂಡ ಬರಲಿಲ್ಲ ಅಂದ್ರ ನಾ ಈ ಮನ್ಯಾಗ ಇರೂದಿಲ್ಲ." ಅವನು ಹೋದ. ಇಂದುಮತಿ ಎಂಟು ದಿನ ಕಾಯಿಸಿ ಬಂದಳು. ಬರುವಾಗ ಒಂದು ಷರತ್ತು: ಹೆಸರು ಉಳ್ಳಾಗಡ್ಡಿಯಾಗಿಯೇ ಇರುತ್ತದೆ. ಈಗ ಮಿತಿ ಏರಿದೆ, ಮತ್ತೆ ಅರ್ಜಿ ಕೊಟ್ಟರೆ ಏನೂ ಆಗುವುದಿಲ್ಲ ಎಂದು ನಾನು ಹೇಳಿದೆ. "ಅದು ನಿಮಗ ಗೊತ್ತೈತಿ, ನನಗ ಗೊತ್ತೈತಿ" ಎಂದಳು.

ಅವಳು ಬಂದ ದಿನ ಅವ್ವ ಪಡಸಾಲೆಯ ಮೂಲೆಯಲ್ಲಿ ಕುಳಿತು ಸೆರಗಿನ ಕೆಳಗೆ ಬಲಗೈಯ ಬೆರಳುಗಳನ್ನು ಎಡಗೈ ಮಣಿಕಟ್ಟಿನ ನಾಡಿಯ ಮೇಲೆ ಒತ್ತಿಕೊಂಡಿದ್ದಳು. ತುಟಿ ಮಿಸುಕುತ್ತಿತ್ತು. ಇಂದುಮತಿ ಒಂದು ಹೆಜ್ಜೆ ಒಳಗೆ ಬಂದರೆ ಅವ್ವನ ತುಟಿ ನಿಲ್ಲುತ್ತಿತ್ತು, ಮತ್ತೆ ಶುರುವಾಗುತ್ತಿತ್ತು. ಬಸವಂತ ಅದನ್ನು ನೋಡಿ ಮುಖ ತಿರುಗಿಸಿದ. ಇಂದುಮತಿ ಅಡುಗೆಮನೆಗೆ ಹೋಗಿ ಚಹಾ ಮಾಡಿ, ಕಪ್ಪು-ಬಸಿ ಹಿಡಿದು ಬಂದಳು. ಅವ್ವನ ಮುಂದೆ ಕುಳಿತು, ಅವಸರವಿಲ್ಲದೆ, ಸೆರಗಿನ ಕೆಳಗಿನ ಆ ಕೈಯನ್ನೇ ನೋಡುತ್ತ ಕೇಳಿದಳು:

"ಅತ್ತೀ, ಎಣಿಸಿ ಮುಗೀತೇನ್ರಿ? ಚಾ ಆರಾಕತ್ತೈತಿ."